ತರಗತಿಯ ಪಾಠವನ್ನು ವಾರ್ಡಿನ ಕೆಲಸಕ್ಕೆ ಜೋಡಿಸುವುದು ಹೇಗೆ? ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೈಪಿಡಿ

ನರ್ಸಿಂಗ್ ಕಾಲೇಜಿಗೆ ಹೊಸದಾಗಿ ಸೇರಿದವರಲ್ಲಿ ಅನೇಕರು ಪಾಠವನ್ನು ಪರೀಕ್ಷೆಗೂ ಪೋಸ್ಟಿಂಗನ್ನು (ಆಸ್ಪತ್ರೆ ಮೊದಲಾದೆಡೆ ಸರದಿಯಂತೆ ಮಾಡುವ ತರಬೇತಿ ಕೆಲಸವನ್ನು) ಹಾಜರಾತಿಗೂ ಮೀಸಲಿಟ್ಟು, ಎರಡನ್ನೂ ಬೇರೆ ಬೇರೆ ಹೊರೆಗಳಂತೆ ಹೊರುತ್ತಾರೆ. ಬೆಳಿಗ್ಗೆ ವಾರ್ಡಿನಲ್ಲಿ ನಿಂತು ದಣಿದು, ಸಂಜೆ ಹಾಸ್ಟೆಲಿಗೆ ಮರಳಿ, ಅಲ್ಲಿ ಕಂಡದ್ದಕ್ಕೆ ಸಂಬಂಧವೇ ಇಲ್ಲದ ಅಧ್ಯಾಯವನ್ನು ಬಾಯಿಪಾಠ ಮಾಡಿದರೆ ಓದೂ ನಿಲ್ಲುವುದಿಲ್ಲ, ಕೈಗೆ ಕೆಲಸವೂ ಹತ್ತುವುದಿಲ್ಲ. ಹಗಲು ಯಾವ ರೋಗಿಯ ಆರೈಕೆ ಮಾಡಿದ್ದೀರೋ ಆ ರೋಗಿಯ ಕಾಯಿಲೆಯನ್ನೇ ಅಂದು ರಾತ್ರಿ ಓದುವುದು ಇದಕ್ಕೆ ಪರಿಹಾರ. ಈ ಅಭ್ಯಾಸವನ್ನು ಮೊದಲ ಸೆಮಿಸ್ಟರ್‌ನಿಂದಲೇ ರೂಢಿಸಿಕೊಳ್ಳುವ ಕ್ರಮ ಹೀಗಿದೆ.

ಮೊದಲು ಗಂಟೆಗಳ ಲೆಕ್ಕ ತಿಳಿಯಿರಿ

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಂತೆ ಬಿ.ಎಸ್ಸಿ ನರ್ಸಿಂಗ್ 8 ಸೆಮಿಸ್ಟರ್‌ಗಳ ಕೋರ್ಸ್ ಆಗಿದೆ. ಇಲ್ಲಿ ಒಂದು ಥಿಯರಿ ಕ್ರೆಡಿಟ್ ಎಂದರೆ 20 ಗಂಟೆ, ಲ್ಯಾಬ್ ಕ್ರೆಡಿಟ್ ಎಂದರೆ 40 ಗಂಟೆ, ಕ್ಲಿನಿಕಲ್ (ರೋಗಿಗಳ ನಡುವಿನ ಕೆಲಸದ) ಕ್ರೆಡಿಟ್ ಎಂದರೆ 80 ಗಂಟೆ. ಮೊದಲ ಸೆಮಿಸ್ಟರ್‌ನ ನರ್ಸಿಂಗ್ ಫೌಂಡೇಶನ್ ವಿಷಯವನ್ನೇ ನೋಡಿ: ಪಾಠಕ್ಕೆ 120 ಗಂಟೆಯಾದರೆ, ಬೊಂಬೆಗಳ ಮೇಲೆ ಕೈಕೆಲಸ ಕಲಿಯುವ ಸ್ಕಿಲ್ ಲ್ಯಾಬ್‌ಗೆ 80 ಮತ್ತು ಕ್ಲಿನಿಕಲ್‌ಗೆ 160 ಗಂಟೆ. ಪರೀಕ್ಷೆಗೆ ಕುಳಿತುಕೊಳ್ಳಲು ಪ್ರತಿ ವಿಷಯದಲ್ಲೂ ಕನಿಷ್ಠ ಶೇ 80ರಷ್ಟು ಹಾಜರಾತಿ ಬೇಕು; ಪದವಿ ಕೈಸೇರುವ ಮೊದಲು ಪ್ರತಿಯೊಂದು ಪ್ರಾಯೋಗಿಕ ವಿಭಾಗದಲ್ಲೂ ಶೇ 100ರಷ್ಟು ಹಾಜರಾತಿ ಪೂರ್ತಿಯಾಗಿರಬೇಕು. ತಪ್ಪಿಹೋದ ಪೋಸ್ಟಿಂಗನ್ನು ಕೊನೆಯ ವರ್ಷದವರೆಗೆ ಉಳಿಸಿಕೊಳ್ಳದೆ ಆಯಾ ಸೆಮಿಸ್ಟರ್‌ನ ರಜೆಯಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಸ್ಕಿಲ್ ಲ್ಯಾಬ್‌ನಲ್ಲಿ ಕೈ ಪಳಗಲಿ

ಬೊಂಬೆಯ ಮೇಲೆ ಒಮ್ಮೆ ಮಾಡಿ ತೋರಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕೈ ತೊಳೆಯುವುದನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ಇರುವ ಹ್ಯಾಂಡ್‌ರಬ್‌ನಲ್ಲಾದರೆ 20ರಿಂದ 30 ಸೆಕೆಂಡು ಹಿಡಿಯಬೇಕು. ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ವಿಧಾನದಲ್ಲಿ ಮಾಡಬೇಕಾದ ಕೆಲಸದ ಮೊದಲು, ದೇಹದ್ರವ ತಗಲುವ ಸಂಭವವಿದ್ದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ ಮತ್ತು ರೋಗಿಯ ಹಾಸಿಗೆ, ಸ್ಟೂಲುಗಳನ್ನು ಮುಟ್ಟಿದ ನಂತರ, ಹೀಗೆ ಐದು ಸಂದರ್ಭಗಳಲ್ಲಿ ಇದು ಕಡ್ಡಾಯ. ವಾರ್ಡಿನ ಗಡಿಬಿಡಿಯಲ್ಲಿ ಮೊದಲು ತಪ್ಪಿಹೋಗುವುದು ಇದೇ ಆದ್ದರಿಂದ, ಯೋಚಿಸದೆಯೇ ಕೈ ನಲ್ಲಿಯತ್ತ ಹೋಗುವಷ್ಟು ಅದು ರೂಢಿಯಾಗಬೇಕು.

ಬಿಪಿ ನೋಡುವುದೂ ಹಾಗೆಯೇ. ರೋಗಿ ಐದು ನಿಮಿಷ ವಿಶ್ರಾಂತಿ ಪಡೆದಿರಬೇಕು, ತೋಳು ಹೃದಯದ ಮಟ್ಟದಲ್ಲಿ ಆನಿಕೊಂಡಿರಬೇಕು, ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ತೋಳಿನ ಗಾತ್ರಕ್ಕೆ ಹೊಂದಬೇಕು. ಚಿಕ್ಕ ಕಫ್ ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಮಣಿಕಟ್ಟಿನ ನಾಡಿ ಮಾಯವಾಗುವ ಮಟ್ಟಕ್ಕಿಂತ 30 ಮಿ.ಮೀ. ಮೇಲಕ್ಕೆ ಗಾಳಿ ತುಂಬಿ, ಸೆಕೆಂಡಿಗೆ 2ರಿಂದ 3 ಮಿ.ಮೀ.ನಂತೆ ನಿಧಾನವಾಗಿ ಇಳಿಸುತ್ತ ಶಬ್ದ ಆಲಿಸಬೇಕು. ಉಸಿರಾಟ ಎಣಿಸುವಾಗ ಮಾತ್ರ ರೋಗಿಗೆ ಹೇಳದಿರುವುದು ಲೇಸು. ತಿಳಿದರೆ ಉಸಿರಿನ ಗತಿ ಬದಲಾಗುತ್ತದೆ. ನಾಡಿ ಎಣಿಸಿದ ಮೇಲೆ ಬೆರಳನ್ನು ಮಣಿಕಟ್ಟಿನ ಮೇಲೆಯೇ ಇಟ್ಟುಕೊಂಡು ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ.

ಪೋಸ್ಟಿಂಗ್‌ಗೆ ಹೊರಡುವ ಮುನ್ನ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳು ಮುಗಿಯಲು ಆರು ತಿಂಗಳು ಬೇಕು. ಕಾಲೇಜಿಗೆ ಸೇರಿದ ವಾರದಲ್ಲೇ ಶುರು ಮಾಡುವುದು ಕ್ಷೇಮ. ಆಸ್ಪತ್ರೆ ತ್ಯಾಜ್ಯದ 2016ರ ನಿಯಮಗಳಂತೆ ಯಾವುದು ಯಾವ ಬಣ್ಣದ ಚೀಲ, ಡಬ್ಬಿಗೆ ಎಂಬುದು ಕಂಠಪಾಠವಾಗಿರಲಿ: ರಕ್ತ, ಕೀವು ತಗಲಿದ ಹತ್ತಿ, ಬ್ಯಾಂಡೇಜು ಹಳದಿಗೆ, ಡ್ರಿಪ್ ಟ್ಯೂಬು, ಕ್ಯಾಥೆಟರ್, ಗ್ಲೌಸು ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಔಷಧದ ಗಾಜಿನ ಪುಟ್ಟ ಸೀಸೆಗಳಾದ ವಯಲ್, ಆಂಪ್ಯೂಲ್ ನೀಲಿಗೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬಾರದು. ಆಕಸ್ಮಿಕವಾಗಿ ಚುಚ್ಚಿಕೊಂಡರೆ ಗಾಯವನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣವೇ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕಾಗುತ್ತದೆ. ಬೈಗುಳಕ್ಕೆ ಹೆದರಿ ಇದನ್ನು ಮುಚ್ಚಿಡಬೇಡಿ. ಹಾಗೆ ಹೆದರುವ ವಾತಾವರಣವನ್ನು ಇಲ್ಲವಾಗಿಸುವುದು ಹಿರಿಯರ ಹೊಣೆ.

ಒಬ್ಬ ರೋಗಿ, ಒಂದು ಕೇರ್ ಪ್ಲ್ಯಾನ್

ವಾರ್ಡಿನಲ್ಲಿ ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ನಡೆಯುವ ಹೊತ್ತಿಗೆ ಅಲ್ಲಿರುವುದು ಬಹಳ ಮುಖ್ಯ. ರಾತ್ರಿ ಪಾಳಿಯ ಸಿಸ್ಟರ್ ಒಂದೊಂದೇ ಹಾಸಿಗೆಯ ಬಳಿ ನಿಂತು ಹೇಳುವ ನಾಲ್ಕು ಮಾತುಗಳಲ್ಲಿ, ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಅನುಭವವೆಲ್ಲ ಅಡಗಿರುತ್ತದೆ. ಅದಾದ ಮೇಲೆ ಟ್ಯೂಟರ್ ವಹಿಸಿದ ರೋಗಿಗಳಲ್ಲಿ ಒಬ್ಬರನ್ನು ಆಳವಾದ ಅಭ್ಯಾಸಕ್ಕೆ ಆರಿಸಿಕೊಂಡು, ಅವರಿಗಾಗಿ ಕೇರ್ ಪ್ಲ್ಯಾನ್, ಅಂದರೆ ಆರೈಕೆಯ ಲಿಖಿತ ಯೋಜನೆ, ಸಿದ್ಧಪಡಿಸಿ.

ಮಧುಮೇಹದಿಂದ ಪಾದದಲ್ಲಿ ಹುಣ್ಣಾಗಿ ದಾಖಲಾದ ಅರವತ್ತರ ರೈತರೊಬ್ಬರು ನಿಮ್ಮ ಪಾಲಿಗೆ ಬಂದಿದ್ದಾರೆ ಎಂದುಕೊಳ್ಳೋಣ. ಕೇಸ್ ಶೀಟ್ ತೆರೆಯುವ ಮೊದಲು ಅವರ ಪಕ್ಕದಲ್ಲಿ ನಿಂತು, ಹೆಸರು ಹೇಳಿಕೊಂಡು, ಮಾತಾಡಿಸಿ. “ಅಪ್ಪಾ, ಕಾಲು ಜೋಮು ಹಿಡಿದ ಹಾಗಾಗುತ್ತದೆಯೇ? ನಡೆಯುವಾಗ ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲವೇ?” ಎಂದು ಕೇಳಿದರೆ, ನರಗಳ ಸಂವೇದನೆ ಕುಗ್ಗಿರುವ ಸುಳಿವು ಅವರ ಉತ್ತರದಲ್ಲೇ ಸಿಗಬಹುದು. ಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆಯೇ, ಮನೆಯಲ್ಲಿ ಹುಣ್ಣಿಗೆ ಏನಾದರೂ ಹಚ್ಚಿದ್ದರೇ, ಮಾತ್ರೆ ನಿಂತುಹೋಗಿತ್ತೇ ಎಂಬುದನ್ನೂ ವಿಚಾರಿಸಿ. ಕೇರ್ ಪ್ಲ್ಯಾನ್‌ನ ಮೊದಲ ಹಂತವಾದ, ರೋಗಿಯ ಸ್ಥಿತಿಯನ್ನು ಅರಿಯುವ ಅಸೆಸ್‌ಮೆಂಟ್ ಆರಂಭವಾಗುವುದು ಇಲ್ಲಿಂದ.

ನಂತರದ ಹಂತ ನರ್ಸಿಂಗ್ ಡಯಾಗ್ನೋಸಿಸ್. ವೈದ್ಯರು ‘ಮಧುಮೇಹದ ಪಾದದ ಹುಣ್ಣು’ ಎಂದು ಬರೆದಿರುವುದನ್ನೇ ನಕಲು ಮಾಡುವುದು ಸಾಮಾನ್ಯ ತಪ್ಪು. ನರ್ಸ್ ಗುರುತಿಸಬೇಕಾದದ್ದು ತನ್ನ ಆರೈಕೆಯಿಂದ ಬದಲಾಯಿಸಬಹುದಾದ ಸಮಸ್ಯೆಯನ್ನು: ರಕ್ತಸಂಚಾರ ಕುಗ್ಗಿ ಚರ್ಮ ಒಡೆದಿರುವುದು, ಸೋಂಕು ಹರಡುವ ಅಪಾಯ, ಪಾದದ ಆರೈಕೆಯ ತಿಳಿವಳಿಕೆ ಇಲ್ಲದಿರುವುದು. ಪ್ರತಿಯೊಂದಕ್ಕೂ ಅಳೆಯಬಹುದಾದ ಗುರಿ ಇಟ್ಟುಕೊಳ್ಳಿ. ‘ರೋಗಿಗೆ ತಿಳಿವಳಿಕೆ ನೀಡುವುದು’ ಎಂಬುದು ಗುರಿಯಾಗುವುದಿಲ್ಲ. ‘ಬಿಡುಗಡೆಯಾಗುವ ಮುನ್ನ ರೋಗಿ ತಾನೇ ಎರಡೂ ಪಾದಗಳನ್ನು ಪರೀಕ್ಷಿಸಿಕೊಂಡು ತೋರಿಸುವರು’ ಎಂಬುದು ಗುರಿ. ಆಮೇಲೆ ಯೋಜನೆ, ಅನುಷ್ಠಾನ ಮತ್ತು ಮೌಲ್ಯಮಾಪನ. ಗುರಿ ಈಡೇರದಿದ್ದರೆ ಹಾಗೆಂದೇ ಬರೆಯಿರಿ, ಕಾರಣ ಹುಡುಕಿ ಯೋಜನೆಯನ್ನು ತಿದ್ದಿ. ಎಲ್ಲ ಕೇರ್ ಪ್ಲ್ಯಾನ್‌ಗಳ ಕೊನೆಯಲ್ಲೂ ‘ಗುರಿ ಈಡೇರಿದೆ’ ಎಂದೇ ಇರುವ ರೆಕಾರ್ಡ್ ಪುಸ್ತಕವನ್ನು ಯಾವ ಪರೀಕ್ಷಕರೂ ನಂಬಲಾರರು.

ಅಂದು ರಾತ್ರಿ ಓದಲು ಕುಳಿತಾಗ ಈ ಒಬ್ಬ ರೋಗಿಯ ಸುತ್ತ ಎಷ್ಟು ವಿಷಯಗಳು ಸೇರುತ್ತವೆ ನೋಡಿ. ಪಾದದ ರಕ್ತನಾಳಗಳಿಗೆ ಅನಾಟಮಿ, ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಿಗೆ ಫಿಸಿಯಾಲಜಿ, ಹುಣ್ಣಿನ ಸ್ವಾಬ್ ಪರೀಕ್ಷೆಗೆ ಮೈಕ್ರೋಬಯಾಲಜಿ, ಮುದ್ದೆ ಎಷ್ಟು ತಿನ್ನಬಹುದು ಎಂಬ ಅವರ ಪ್ರಶ್ನೆಗೆ ನ್ಯೂಟ್ರಿಷನ್. ಮೂರನೇ ಸೆಮಿಸ್ಟರ್‌ನ ಅಡಲ್ಟ್ ಹೆಲ್ತ್ ನರ್ಸಿಂಗ್ ಹೊತ್ತಿಗೆ ಇವುಗಳಲ್ಲಿ ಹೆಚ್ಚಿನವನ್ನು ಪಾಠವಾಗಿ ಕೇಳಿರುತ್ತೀರಿ. ಒಂದು ಮುಖಕ್ಕೆ ಜೋಡಿಸಿಕೊಂಡ ಮೇಲೆ ಅವು ಮರೆಯುವುದಿಲ್ಲ.

ಔಷಧದ ಲೆಕ್ಕದಲ್ಲಿ ಅಂದಾಜು ಸಲ್ಲದು

ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ: ಔಷಧ ಕೊಡುವ ಪ್ರತಿ ಬಾರಿಯೂ ಇವಿಷ್ಟನ್ನು ಪರಿಶೀಲಿಸಬೇಕು. ಹಾಸಿಗೆ ಸಂಖ್ಯೆಯನ್ನು ನಂಬದೆ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ. ನಮ್ಮಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ವಯಲಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಸೇರುವುದು 20 ಅಲ್ಲ, 50 ಯೂನಿಟ್. ಸಕ್ಕರೆ ಮಟ್ಟ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಡ್ರಿಪ್ ಲೆಕ್ಕ ಸುಲಭ: ಒಟ್ಟು ಮಿಲಿಲೀಟರ್‌ಗಳನ್ನು ಡ್ರಿಪ್ ಸೆಟ್ಟಿನ (ಟ್ಯೂಬಿನ) ಪ್ರತಿ ಮಿಲಿಲೀಟರಿನ ಹನಿಗಳಿಂದ ಗುಣಿಸಿ, ಒಟ್ಟು ನಿಮಿಷಗಳಿಂದ ಭಾಗಿಸಿ. 500 ಮಿ.ಲೀ. ಬಾಟಲಿ 4 ಗಂಟೆಯಲ್ಲಿ ಹೋಗಬೇಕಿದ್ದು, ಸೆಟ್ಟಿನಲ್ಲಿ ಮಿಲಿಲೀಟರಿಗೆ 20 ಹನಿ ಆಗುವುದಾದರೆ ನಿಮಿಷಕ್ಕೆ ಸುಮಾರು 42 ಹನಿ. ಕಲಿಯದ ಕೆಲಸವನ್ನು ಯಾರಾದರೂ ವಹಿಸಿದರೆ, ವಾರ್ಡಿನಲ್ಲಿ ಎಷ್ಟೇ ಜನ ಕಡಿಮೆ ಇರಲಿ, “ಸಿಸ್ಟರ್, ನಮಗಿನ್ನೂ ಇದನ್ನು ಕಲಿಸಿಲ್ಲ, ಟ್ಯೂಟರ್ ಮೇಡಂ ಅವರನ್ನು ಕರೆಯುತ್ತೇನೆ” ಎಂದು ಹೇಳಲು ಸಂಕೋಚಪಡಬೇಡಿ.

ರೆಕಾರ್ಡ್ ಬರೆಯುವ ನಿಯಮ ಚಿಕ್ಕದು: ಮಾಡಿದ ಮೇಲೆ ಬರೆಯಬೇಕು, ಮಾಡಿದ್ದನ್ನಷ್ಟೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಹಾಕಿ. ಬಿಳಿ ಬಣ್ಣ ಬಳಿಯಬೇಡಿ. ನೋಡದ ಜ್ವರವನ್ನು ನೋಡಿದಂತೆ ಚಾರ್ಟಿನಲ್ಲಿ ತುಂಬುವುದು ರೋಗಿಗೆ ಮಾಡುವ ದ್ರೋಹ, ಏಕೆಂದರೆ ವೈದ್ಯರು ಮುಂದಿನ ಔಷಧವನ್ನು ಆ ಅಂಕಿಯ ಮೇಲೆಯೇ ನಿರ್ಧರಿಸುತ್ತಾರೆ.

ಮುಂದಿನ ಸೆಮಿಸ್ಟರ್‌ಗಳು

ಐದನೇ ಸೆಮಿಸ್ಟರ್‌ನಿಂದ ಮಕ್ಕಳ, ಮಾನಸಿಕ ಆರೋಗ್ಯದ ಮತ್ತು ಸಮುದಾಯ ಆರೋಗ್ಯದ ಪೋಸ್ಟಿಂಗ್‌ಗಳೂ, ಆರನೆಯದರಿಂದ ಹೆರಿಗೆ ವಿಭಾಗದ್ದೂ ಶುರುವಾಗುತ್ತವೆ. ನಿಮ್ಹಾನ್ಸ್‌ನಂಥ ಮನೋಚಿಕಿತ್ಸಾ ಸಂಸ್ಥೆಯಲ್ಲಿ ಕೈಗಿಂತ ಕಿವಿಗೆ ಹೆಚ್ಚು ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ಪೋಸ್ಟಿಂಗನ್ನು ವಿಶ್ರಾಂತಿಯ ದಿನಗಳೆಂದು ಭಾವಿಸುವವರಿದ್ದಾರೆ; ಆದರೆ ಆಶಾ ಕಾರ್ಯಕರ್ತೆಯೊಂದಿಗೆ ಮನೆಮನೆಗೆ ಹೋದಾಗಲೇ, ವಾರ್ಡಿನಿಂದ ಬಿಡುಗಡೆಯಾದ ರೋಗಿ ಮನೆಯಲ್ಲಿ ಹೇಗಿರುತ್ತಾರೆ ಎಂಬುದು ತಿಳಿಯುತ್ತದೆ. ಕೇರಳದಿಂದ ಇಲ್ಲಿಗೆ ಓದಲು ಬಂದವರು ಮೊದಲ ವರ್ಷದಲ್ಲೇ ಕನ್ನಡ ಕಲಿತರೆ ಈ ಪೋಸ್ಟಿಂಗ್‌ಗಳು ಪೂರ್ಣ ಫಲ ಕೊಡುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು, ಇಂಗ್ಲಿಷ್ ಪಠ್ಯ ಕಷ್ಟವಾದರೂ, ರೋಗಿಯೊಡನೆ ಮಾತಾಡುವ ಸಾಮರ್ಥ್ಯ ತಮ್ಮಲ್ಲಿ ಆಗಲೇ ಇದೆ ಎಂಬುದನ್ನು ಅರಿತಿರಲಿ.

ಎಂಟನೇ ಸೆಮಿಸ್ಟರ್ ಇಡೀ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ಗಂಟೆ. ಪದವಿಯ ನಂತರ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಲಾಗ್ ಬುಕ್, ಪ್ರಾಯೋಗಿಕ ಗಂಟೆಗಳ ವಿವರವಿರುವ ಟ್ರಾನ್ಸ್‌ಕ್ರಿಪ್ಟ್, ಅಂಕಪಟ್ಟಿಗಳ ಪ್ರತಿಗಳನ್ನು ಕಾಲೇಜು ಬಿಡುವ ಮೊದಲೇ ಪಡೆದಿಟ್ಟುಕೊಳ್ಳಿ. ವಿದೇಶದಲ್ಲಿ ನೋಂದಣಿಗೆ ಅರ್ಜಿ ಹಾಕುವಾಗ ಯಾವ ವಿಭಾಗದಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ ಎಂಬ ವಿವರವನ್ನು ಕೇಳುತ್ತಾರೆ.