ಡ್ರಾಫ್ಟ್ ಮುಗಿಯಿತು, ಇನ್ನು ಅಫೆನ್ಸ್ ಬಗ್ಗೆ ವಾದ ಮಾಡುವುದು ಹೇಗೆ?

ಏಪ್ರಿಲ್ ಕೊನೆಯಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್) ಡ್ರಾಫ್ಟಿನ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮದ, ಏಳನೇ, ಕೊನೆಯ ಸುತ್ತು ಮುಗಿಯುವುದೇ ತಡ, ಭಾವನ ಫೋನ್ ಬರುತ್ತದೆ. "ನೋಡಿದೆಯೇನೋ ನಿಮ್ಮವರ ಕೆಲಸ?" ನಾವಿಬ್ಬರೂ ಗ್ರೀನ್ ಬೇ ಪ್ಯಾಕರ್ಸ್ ಕಡೆಯವರೇ. ಆದರೆ ಆಯ್ಕೆ ಹಿಡಿಸದಿದ್ದರೆ ಅವರು 'ನಿಮ್ಮವರು', ಹಿಡಿಸಿದರೆ 'ನಮ್ಮವರು'. ಅಫೆನ್ಸಿನಲ್ಲಿ, ಅಂದರೆ ಚೆಂಡು ಮುಂದೊಯ್ದು ಅಂಕ ಗಳಿಸುವ ಪಡೆಯಲ್ಲಿ, ಯಾರು ಉಳಿಯುತ್ತಾರೆ ಅನ್ನುವ ವಾದ ಅಲ್ಲಿಂದ ಶುರುವಾದರೆ ಆಗಸ್ಟ್ ಕೊನೆಯವರೆಗೂ ನಿಲ್ಲುವುದಿಲ್ಲ.

ಎಷ್ಟೋ ವರ್ಷ ನಾನು ಈ ವಾದದಲ್ಲಿ ಸೋತಿದ್ದೇನೆ. ಕಾರಣ, ನಾನು ಬರೀ ಹೆಸರು ಹಿಡಿದು ಕೂಗುತ್ತಿದ್ದೆ. ಭಾವ ತಲೆ ಎಣಿಸುತ್ತಿದ್ದರು. ಈಗ ನಾನೂ ಎಣಿಸುತ್ತೇನೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಹಾಳೆ, ಒಂದು ಪೆನ್ಸಿಲ್, ಒಳ್ಳೆಯ ರಬ್ಬರ್. ಪೆನ್ ಬೇಡ. ಬೇಸಿಗೆಯಲ್ಲಿ ಒಂದು ತಂಡ 90 ಜನರನ್ನು ಇಟ್ಟುಕೊಳ್ಳಬಹುದು. ಆಗಸ್ಟ್ ಕೊನೆಗೆ ಅದು 53ಕ್ಕೆ ಇಳಿಯಬೇಕು. ಅದರಲ್ಲಿ ಚೆಂಡು ಒದೆಯುವ ಸಂದರ್ಭಕ್ಕೇ ಮೀಸಲಾದ ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್ ಮೂವರನ್ನು ತೆಗೆದರೆ 50. ಹೆಚ್ಚು ಕಡಿಮೆ ಅರ್ಧ ಅಫೆನ್ಸಿಗೆ, ಅಂದರೆ 25. ಹಾಳೆಯಲ್ಲಿ 25 ಗೆರೆ ಎಳೆಯಿರಿ. ನಾನು ಹಂಚುವುದು ಹೀಗೆ: ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) 3, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) 3, ಟೈಟ್ ಎಂಡ್ (ತಡೆಯುವುದೂ ಹಿಡಿಯುವುದೂ ಎರಡನ್ನೂ ಮಾಡುವವನು) 4, ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವನು) 6, ಅಫೆನ್ಸಿವ್ ಲೈನ್ (ಎದುರಾಳಿಯನ್ನು ತಡೆದು ಕ್ವಾರ್ಟರ್‌ಬ್ಯಾಕನ್ನು ಕಾಯುವವರು) 9. ಕೆಲವರು ಕ್ವಾರ್ಟರ್‌ಬ್ಯಾಕ್ ಇಬ್ಬರು ಸಾಕು ಅಂತ ಲೈನಿಗೆ ಒಬ್ಬನನ್ನು ಸೇರಿಸುತ್ತಾರೆ. ಅದೂ ಸರಿ.

ಇನ್ನು ಒಂದೇ ಕಟ್ಟಳೆ. ಗೆರೆ ತುಂಬಿದ ಮೇಲೆ ಹೊಸ ಹೆಸರು ಬರೆಯಬೇಕಾದರೆ ಹಳೆಯದೊಂದನ್ನು ಅಳಿಸಬೇಕು. "ಇವನನ್ನೂ ಇಟ್ಟುಕೊಳ್ಳಲಿ, ಅವನೂ ಇರಲಿ" ಅನ್ನುವವರ ಬಾಯಿ ಇಲ್ಲಿಗೆ ಮುಚ್ಚುತ್ತದೆ. ನಮ್ಮ 2025ರ ಹಾಳೆಯಲ್ಲಿ ರಿಸೀವರ್ ಜಾಗ ಉಜ್ಜಿ ಉಜ್ಜಿ ತೂತು ಬಿದ್ದಿದೆ. ಹಿಂದಿನಿಂದ ಟೇಪ್ ಹಚ್ಚಿ ಇಟ್ಟಿದ್ದೇವೆ.

ಆ ತೂತಿನ ಕತೆ ಹೇಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. 2025ರ ಡ್ರಾಫ್ಟ್ ನಡೆದದ್ದೇ ಗ್ರೀನ್ ಬೇಯಲ್ಲಿ, ಪ್ಯಾಕರ್ಸ್ ಮೈದಾನವಾದ ಲ್ಯಾಂಬೋ ಫೀಲ್ಡ್ ಪಕ್ಕದಲ್ಲಿ. ಪ್ಯಾಕರ್ಸ್ 2002ರಿಂದ ಈಚೆಗೆ ಮೊದಲ ಸುತ್ತಿನಲ್ಲಿ ಒಬ್ಬ ರಿಸೀವರನ್ನೂ ತೆಗೆದುಕೊಂಡಿರಲಿಲ್ಲ. ಆ ರಾತ್ರಿ 23ನೇ ಆಯ್ಕೆಯಾಗಿ ಟೆಕ್ಸಸ್ ವಿಶ್ವವಿದ್ಯಾಲಯದ ರಿಸೀವರ್ ಮ್ಯಾಥ್ಯೂ ಗೋಲ್ಡನ್ ಹೆಸರು ಕೂಗಿದಾಗ ಭಾವ ಫೋನಿನಲ್ಲೇ ಕಿರುಚಿದರು. ಮೂರನೇ ಸುತ್ತಿನಲ್ಲಿ ಇನ್ನೊಬ್ಬ ರಿಸೀವರ್, ಸೇವಿಯನ್ ವಿಲಿಯಮ್ಸ್. ಆಗ ಕಿರುಚಾಟ ನಿಂತು ಎಣಿಕೆ ಶುರುವಾಯಿತು. ಜೇಡನ್ ರೀಡ್, ರೋಮಿಯೋ ಡೌಬ್ಸ್, ಕ್ರಿಶ್ಚಿಯನ್ ವಾಟ್ಸನ್, ಡಾಂಟೇವಿಯನ್ ವಿಕ್ಸ್, ಮಲಿಕ್ ಹೀತ್, ಬೋ ಮೆಲ್ಟನ್, ಮಾರ್ಚ್‌ನಲ್ಲಿ ಬಂದ ಮೆಕೋಲ್ ಹಾರ್ಡ್‌ಮನ್, ಜೊತೆಗೆ ಈ ಇಬ್ಬರು ಹೊಸಬರು. ಒಂಬತ್ತು ತಲೆ, ಆರು ಗೆರೆ.

ಇಲ್ಲಿ "ಯಾರು ಚೆನ್ನಾಗಿ ಆಡುತ್ತಾನೆ" ಅಂತ ಕೇಳಿದರೆ ಬೆಳಗಾದರೂ ಮುಗಿಯುವುದಿಲ್ಲ. "ಯಾರ ಕೆಲಸ ಯಾರು ಮಾಡುತ್ತಾರೆ" ಅಂತ ಕೇಳಿ. ವಾಟ್ಸನ್ ಕೆಲಸ ಏನು? ಓಡುವುದು. ಅವನು ಉದ್ದಕ್ಕೆ ಓಡಿದರೆ ಸೇಫ್ಟಿ (ಎದುರಾಳಿಯ ಹಿಂದಿನ ಸಾಲಿನ ಕಾವಲುಗಾರ) ಹಿಂದೆ ಸರಿಯಲೇಬೇಕು, ಮಧ್ಯದಲ್ಲಿ ಜಾಗ ಬಿಡುತ್ತದೆ. ಆ ಜಾಗದಲ್ಲಿ ಚೆಂಡು ಹಿಡಿಯುವವನು ರೀಡ್. 2025ರ ಜನವರಿಯಲ್ಲಿ ಬೇರ್ಸ್ ವಿರುದ್ಧ ವಾಟ್ಸನ್ ಮೊಣಕಾಲಿನ ಲಿಗಮೆಂಟ್ ಹರಿಯಿತು. ಋತು ಶುರುವಾಗುವ ಸೆಪ್ಟೆಂಬರ್‌ಗೆ ಅವನು ಸಿಗುವುದಿಲ್ಲ ಅಂತ ಆಗಲೇ ಗೊತ್ತಿತ್ತು. ಈಗ ಗೋಲ್ಡನ್ ನೋಡಿ. ಕಂಬೈನ್‌ನಲ್ಲಿ (ಡ್ರಾಫ್ಟಿಗೆ ಮುಂಚೆ ಹುಡುಗರನ್ನು ಪರೀಕ್ಷಿಸುವ ಶಿಬಿರ) 40 ಗಜ ಓಡಲು ತೆಗೆದುಕೊಂಡದ್ದು 4.29 ಸೆಕೆಂಡ್. ಅಂದರೆ ಹೊಸ ಹುಡುಗ ಬಂದದ್ದು ರೀಡ್ ಜಾಗಕ್ಕಲ್ಲ, ವಾಟ್ಸನ್ ಖಾಲಿ ಬಿಟ್ಟ ಜಾಗಕ್ಕೆ. "ನಂಬರ್ ಒನ್ ರಿಸೀವರ್ ಬೇಕಿತ್ತು" ಅಂತ ಭಾವ ಹಟ ಹಿಡಿದಿದ್ದರು. 2024ರಲ್ಲಿ ಎಸೆದ ಚೆಂಡು ಹಿಡಿದು ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಗಜ ಮಾಡಿದ ರೀಡ್‌ದೇ 857, ಸಾವಿರ ದಾಟಿದವರು ಒಬ್ಬರೂ ಇಲ್ಲ. ಅವರ ಮಾತಲ್ಲೂ ಹುರುಳಿತ್ತು, ಬಿಡಿ.

ವಾಟ್ಸನ್‌ಗೆ ಗೆರೆ ಬೇಕೇ? ಬೇಡ. ಗಾಯದಿಂದ ಇನ್ನೂ ಎದ್ದಿರದ ಆಟಗಾರನನ್ನು ಋತು ಶುರುವಾಗುವಾಗ ಪಿಯುಪಿ ಅನ್ನುವ ಗಾಯಾಳುಗಳ ಪಟ್ಟಿಯಲ್ಲಿಟ್ಟರೆ ಅವನು 53ರ ಲೆಕ್ಕಕ್ಕೆ ಬರುವುದಿಲ್ಲ. ಕನಿಷ್ಠ ನಾಲ್ಕು ಪಂದ್ಯ ಆಡುವಂತಿಲ್ಲ, ಅಷ್ಟೇ. ಈ ಒಂದು ನಿಯಮ ಗೊತ್ತಿದ್ದರೆ ಎದುರಾಳಿಯ ಅರ್ಧ ವಾದ ಬಿದ್ದುಹೋಗುತ್ತದೆ. ಆಗಸ್ಟ್‌ನಲ್ಲಿ ಆದದ್ದೂ ಅದೇ. ವಾಟ್ಸನ್ ಮೈದಾನಕ್ಕೆ ಇಳಿದದ್ದು ಅಕ್ಟೋಬರ್‌ನಲ್ಲಿ.

ಕೊನೆಯ ಗೆರೆ ಬಗ್ಗೆ ಒಂದು ಎಚ್ಚರಿಕೆ. ಆರನೇ ರಿಸೀವರನ್ನು ಚೆಂಡು ಹಿಡಿಯುವುದಕ್ಕೆ ಅಂತ ಯಾರೂ ಇಟ್ಟುಕೊಳ್ಳುವುದಿಲ್ಲ. ಪಂಟ್ ಆದಾಗ (ಚೆಂಡನ್ನು ಎದುರಾಳಿಗೆ ಒದ್ದು ಬಿಟ್ಟಾಗ) ಓಡಿಹೋಗಿ ಎದುರಿನವನನ್ನು ಕೆಡವುತ್ತಾನಾ, ಕಿಕ್ ವಾಪಸ್ ತರುತ್ತಾನಾ, ತಡೆಯುತ್ತಾನಾ, ಅದನ್ನು ನೋಡಿ. ಈ ಒದೆತದ ಆಟಗಳಿಗೆ ಇಳಿಯುವ ಪಡೆಯಲ್ಲಿ, ಅಂದರೆ ಸ್ಪೆಷಲ್ ಟೀಮ್ಸ್‌ನಲ್ಲಿ, ಆಡದ ಆರನೆಯವನು ಉಳಿಯುವುದು ಕಷ್ಟ. ಆ ಬೇಸಿಗೆ ಮೆಲ್ಟನ್‌ಗೆ ಕಾರ್ನರ್‌ಬ್ಯಾಕ್ (ರಿಸೀವರ್‌ಗಳನ್ನು ತಡೆಯುವ ಡಿಫೆನ್ಸ್ ಆಟಗಾರ) ಅಭ್ಯಾಸವನ್ನೂ ಮಾಡಿಸಿದರು. ಅಫೆನ್ಸ್ ಹಾಳೆ ಬಿಟ್ಟು ಡಿಫೆನ್ಸ್ ಹಾಳೆಗೆ ಹಾರುವವನೂ ಇರಬಹುದು ಅಂತ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮುಂದೆ ಕರಾರು. ಇದನ್ನು ಬಿಟ್ಟು ವಾದಕ್ಕಿಳಿದರೆ ಸೋತಂತೆಯೇ. ಡ್ರಾಫ್ಟಿನಲ್ಲಿ ಬಂದ ಹುಡುಗನಿಗೆ ನಾಲ್ಕು ವರ್ಷದ ಕರಾರು. ಮೊದಲ ಸುತ್ತಿನವನಿಗೆ ಮಾತ್ರ ಐದನೇ ವರ್ಷ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿದೆ. ಪ್ಯಾಕರ್ಸ್‌ನ 2022ರ ಡ್ರಾಫ್ಟ್ ಪಟ್ಟಿ ತೆಗೆಯಿರಿ. ವಾಟ್ಸನ್, ಡೌಬ್ಸ್, ಲೈನಿನಲ್ಲಿ ರೈಟ್ ಟ್ಯಾಕಲ್ ಝ್ಯಾಕ್ ಟಾಮ್, ಗಾರ್ಡ್ ಶಾನ್ ರಯನ್, ಲೆಫ್ಟ್ ಟ್ಯಾಕಲ್ ರಶೀದ್ ವಾಕರ್. ಐವರೂ ಅಫೆನ್ಸ್, ಐವರೂ ಎರಡನೇ ಸುತ್ತಿನಿಂದ ಈಚೆಗೆ ಬಂದವರು. 2025ರ ಏಪ್ರಿಲ್‌ನಲ್ಲಿ ನೋಡಿದರೆ ಐವರ ಕರಾರೂ ಆ ಋತುವಿಗೇ ಮುಗಿಯುತ್ತಿತ್ತು. ಎಲ್ಲರನ್ನೂ ಉಳಿಸಿಕೊಳ್ಳಲು ಹಣ ಸಾಲದು. ಆ ವರ್ಷದ ಸ್ಯಾಲರಿ ಕ್ಯಾಪ್ (ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ) 279.2 ಮಿಲಿಯನ್ ಡಾಲರ್ ಇದ್ದರೂ ಅದು 53 ಜನರಿಗೂ ಹಂಚಬೇಕಾದ ದುಡ್ಡು. ಈ ಪಟ್ಟಿ ಎದುರಿಗಿಟ್ಟುಕೊಂಡು ಇನ್ನೊಮ್ಮೆ ನೋಡಿದರೆ, ಇಬ್ಬರು ರಿಸೀವರ್ ಮತ್ತು ಎರಡನೇ ಸುತ್ತಿನಲ್ಲಿ ಟ್ಯಾಕಲ್ ಆಂಥನಿ ಬೆಲ್ಟನ್ ಯಾಕೆ ಅಂತ ಗೊತ್ತಾಗುತ್ತದೆ. ಡ್ರಾಫ್ಟ್ ಅರ್ಧ ಈ ವರ್ಷಕ್ಕೆ, ಅರ್ಧ ಮುಂದಿನ ವರ್ಷಕ್ಕೆ.

ಈ ಮಾತು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. 2019ರಲ್ಲಿ ಪ್ಯಾಕರ್ಸ್ 13 ಗೆದ್ದು 3 ಸೋತಿದ್ದರು, ಲೀಗಿನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇತ್ತು. 2020ರ ಡ್ರಾಫ್ಟಿನಲ್ಲಿ ಆಗಿನ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೆ ಒಬ್ಬ ರಿಸೀವರ್ ಕೊಡಿಸುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದೆವು. ಅವರು 30ನೇ ಆಯ್ಕೆಯಿಂದ 26ನೆಯದಕ್ಕೆ ಮೇಲೆ ಹೋಗಿ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್‌ನನ್ನು ತೆಗೆದುಕೊಂಡರು. ಇಡೀ ಡ್ರಾಫ್ಟಿನಲ್ಲಿ ಒಬ್ಬ ರಿಸೀವರೂ ಇಲ್ಲ! ಅವತ್ತು ರಾತ್ರಿ ನಾನು ಭಾವನಿಗೆ ಹದಿನಾಲ್ಕು ಮೆಸೇಜ್ ಕಳಿಸಿದ್ದೆ. ಕೊನೆಯದು, "ಇವರಿಗೆ ಫುಟ್‌ಬಾಲ್ ಗೊತ್ತೇ ಇಲ್ಲ." ಆಮೇಲೆ ರಾಜರ್ಸ್ 2020 ಮತ್ತು 2021ರಲ್ಲಿ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ ಆದ. 2023ರಲ್ಲಿ ರಾಜರ್ಸ್ ಜಾಗಕ್ಕೆ ಲವ್ ಆಡಲು ಬಂದ, ತಂಡ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಪಂದ್ಯಗಳು) ಸೇರಿತು. ಭಾವ ಆ ಹದಿನಾಲ್ಕನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಪ್ರತಿ ಏಪ್ರಿಲ್‌ನಲ್ಲೂ ಅಕ್ಕನಿಗೆ ಓದಿ ಹೇಳುತ್ತಾರೆ. ಆದರೆ ಒಂದು ಮಾತು: ಆ ಎರಡು ಎಂವಿಪಿ ವರ್ಷಗಳಲ್ಲೂ ತಂಡ ಸೂಪರ್ ಬೌಲ್ ತಲುಪಲಿಲ್ಲ, ಅಲ್ವಾ? ಇನ್ನೊಬ್ಬ ರಿಸೀವರ್ ಇದ್ದಿದ್ದರೆ? ನಾನು ಪೂರ್ತಿ ಸೋಲೊಪ್ಪಿಕೊಂಡಿಲ್ಲ.

"ಮೊದಲು ಲೈನ್ ಕಟ್ಟಿ, ಆಮೇಲೆ ರಿಸೀವರ್" ಅನ್ನುವವರು ಸಿಗುತ್ತಾರೆ. ಅವರಿಗೆ 2021ರ ಬೆಂಗಾಲ್ಸ್ ತಂಡವನ್ನು ನೆನಪಿಸಿ. ಹಿಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೊಣಕಾಲು ಹೋಗಿತ್ತು. ಡ್ರಾಫ್ಟಿನಲ್ಲಿ ಟ್ಯಾಕಲ್ ಪೆನೇ ಸೂವೆಲ್ ಎದುರಿಗೇ ಇದ್ದ. ಅವರು ಐದನೇ ಆಯ್ಕೆಯಾಗಿ ತೆಗೆದುಕೊಂಡದ್ದು ರಿಸೀವರ್ ಜಮಾರ್ ಚೇಸ್‌ನನ್ನು. ಚೇಸ್ ಮೊದಲ ವರ್ಷವೇ 1,455 ಗಜ ಮಾಡಿದ, ತಂಡ ಸೂಪರ್ ಬೌಲ್‌ಗೆ ಹೋಯಿತು. ಅಲ್ಲಿ ಬರೋ ಏಳು ಸಲ ಸ್ಯಾಕ್ ಆಗಿ, ಅಂದರೆ ಚೆಂಡು ಎಸೆಯುವ ಮುಂಚೆಯೇ ಎದುರಾಳಿಯ ಕೈಗೆ ಸಿಕ್ಕಿ, ನೆಲಕ್ಕೆ ಬಿದ್ದ, 23-20ರಲ್ಲಿ ಸೋತರು. ಸೂವೆಲ್ ಡೆಟ್ರಾಯಿಟ್‌ಗೆ ಹೋಗಿ ಆಲ್-ಪ್ರೋ ಆದ, ಅಂದರೆ ವರ್ಷದ ಅತ್ಯುತ್ತಮರ ಪಟ್ಟಿ ಸೇರಿದ. ಈ ಉದಾಹರಣೆ ಯಾವ ಕಡೆಗೆ ಬೇಕಾದರೂ ಕತ್ತಿಯಂತೆ ಬೀಸಬಹುದು. ಅದಕ್ಕೇ ನನಗೆ ಇಷ್ಟ. ಯಾರು ಮೊದಲು ಎತ್ತುತ್ತಾರೋ ಅವರದ್ದು.

ಲೈನಿನ ಒಂಬತ್ತು ಗೆರೆ ತುಂಬುವಾಗ ಒಂದು ಸಣ್ಣ ಉಪಾಯ. ಆಡುವವರು ಐದೇ ಜನ. ಉಳಿದ ನಾಲ್ವರ ಹೆಸರಿನ ಮುಂದೆ ಅವರು ಎಷ್ಟು ಜಾಗದಲ್ಲಿ ನಿಲ್ಲಬಲ್ಲರು ಅಂತ ಬರೆಯಿರಿ. ಒಂದೇ ಜಾಗದವನು ಮೊದಲು ಹೋಗುತ್ತಾನೆ.

ನಮ್ಮಲ್ಲಿ ನಿಷೇಧಿಸಿದ ಮಾತುಗಳೂ ಇವೆ. ಏಳನೇ ಸುತ್ತಿನ ಹುಡುಗನನ್ನು ಅಳಿಸಲು ಹೋದರೆ ಒಬ್ಬರು ತಪ್ಪದೆ, "ಟಾಮ್ ಬ್ರೇಡಿ 199ನೇ ಆಯ್ಕೆ" ಅನ್ನುತ್ತಾರೆ. ಇಲ್ಲವೇ ಬ್ರಾಕ್ ಪರ್ಡಿ, 2022ರಲ್ಲಿ 262ನೇ, ಕಟ್ಟಕಡೆಯ ಆಯ್ಕೆ. ಕೊನೆಯಲ್ಲಿ ಬಂದು ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ ಈ ಇಬ್ಬರ ಹೆಸರು ಎತ್ತಿದವರು ದಂಡವಾಗಿ ಒಂದು ಗೆರೆ ಕಳೆದುಕೊಳ್ಳುತ್ತಾರೆ.

"ಇರಲಿ ಬಿಡು, ಅವನನ್ನು ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ ಹಾಕುತ್ತಾರೆ" ಅನ್ನುವುದು ಇನ್ನೊಂದು ತಪ್ಪಿಸಿಕೊಳ್ಳುವ ದಾರಿ. 53ರ ಹೊರಗೆ ಅಭ್ಯಾಸಕ್ಕೆ ಇಟ್ಟುಕೊಳ್ಳುವ ಆ ಪಡೆಯಲ್ಲಿ 16 ಜಾಗ ಇರುವುದು ನಿಜ. ಆದರೆ ನಾಲ್ಕು ಋತು ತುಂಬದ ಹುಡುಗನನ್ನು ಕೈಬಿಟ್ಟರೆ ಅವನು ಮೊದಲು ವೇವರ್ಸ್ ದಾಟಬೇಕು. ಉಳಿದ 31 ತಂಡಗಳಲ್ಲಿ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಹಾಗಾಗಿ ಈ ಮಾತು ಹೇಳಿದವರಿಗೆ ನಾನು ಕೇಳುವುದು ಒಂದೇ: ಕಳೆದುಕೊಂಡರೂ ಪರವಾಗಿಲ್ಲವಾ? ತಡವರಿಸಿದರೆ ಹೆಸರು ಗೆರೆಗೆ ವಾಪಸ್ ಬರುತ್ತದೆ.

ಕೊನೆಗೆ ಇಬ್ಬರೂ ಹಾಳೆಗೆ ಸಹಿ ಹಾಕಿ, ದಿನಾಂಕ ಬರೆದು, ಫೋಟೋ ತೆಗೆದು ಅಕ್ಕನಿಗೆ ಕಳಿಸುತ್ತೇವೆ. ಅವಳಿಗೆ ಆಟದಲ್ಲಿ ಆಸಕ್ತಿ ಇಲ್ಲ, ಅದಕ್ಕೇ ಅವಳು ತೀರ್ಪುಗಾರಳು. 53ರ ಪಟ್ಟಿ ಹೊರಬಿದ್ದ ದಿನ ಆ ಫೋಟೋ ತೆರೆದು ಸರಿ ಬಂದ ಹೆಸರಿಗೆ ಟಿಕ್ ಹಾಕುತ್ತಾಳೆ. 2025ರಲ್ಲಿ ಹಾರ್ಡ್‌ಮನ್ ಹೋದ, ಹೀತ್ ಉಳಿದ, ಅಲ್ಲಿಗೆ ಇಬ್ಬರೂ ಸಮ. ಮೆಲ್ಟನ್ ಕೂಡ ಉಳಿದ. ಭಾವ ಅವನ ಹೆಸರನ್ನು ರಿಸೀವರ್ ಗೆರೆಯಲ್ಲಿ ಬರೆದಿದ್ದರು, ನಾನು ಅಳಿಸಿದ್ದೆ. ಕಾರ್ನರ್‌ಬ್ಯಾಕ್ ಅಭ್ಯಾಸ ಮಾಡಿ ಉಳಿದವನು ಅಫೆನ್ಸ್ ಲೆಕ್ಕಕ್ಕೆ ಬರುತ್ತಾನಾ ಅಂತ ನಾನು ತಕರಾರು ಎತ್ತಿದೆ. ಅಕ್ಕ ಇನ್ನೂ ಟಿಕ್ ಹಾಕಿಲ್ಲ.