ನುಂಗಿವ್ನಿ ನರ್ಸಮ್ಮ

ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನನ್ನ ಕೆಲಸ. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ' ಅಂತ ಉದ್ದದ ಹೆಸರಿದೆ. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರುಗಳಲ್ಲಿ, ಅದೆಲ್ಲ ನಡೆಯಲ್ಲ. ಅಲ್ಲಿ ನಾನು ನರ್ಸಮ್ಮ.

ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು, ಆದಿವಾಸಿ ಪ್ರದೇಶದಲ್ಲಿ 3,000ಕ್ಕೇ ಒಂದು. ಕೇಳಿದರೆ ನಮ್ಮ ಕೆಲಸ ಹಗುರ ಅನ್ನಿಸುತ್ತೆ ಅಲ್ವಾ? ಆದರೆ ಈ ಜನ ಒಂದೇ ಬೀದಿಯಲ್ಲಿಲ್ಲ, ಏಳು ಹಾಡಿಗಳಲ್ಲಿ ಹಂಚಿಹೋಗಿದ್ದಾರೆ. ಕೊನೆಯ ಹಾಡಿಗೆ ಸ್ಕೂಟಿ ಹೋಗಲ್ಲ. ಹಳ್ಳದ ಈಚೆ ನಿಲ್ಲಿಸಿ ನಡೆಯಬೇಕು. ಸಂಜೆಯಾದರೆ ಆನೆ.

ಮೊದಲ ಎರಡು ವರ್ಷ ನಾನು ಬೆಳಿಗ್ಗೆ ಹನ್ನೊಂದಕ್ಕೆ ಹಾಡಿಗೆ ಹೋಗುತ್ತಿದ್ದೆ. ಬಸುರಿಯರು ಸಿಗುತ್ತಿರಲಿಲ್ಲ. ರಿಜಿಸ್ಟರಿನಲ್ಲಿ 'ಮನೆಯಲ್ಲಿ ಇರಲಿಲ್ಲ' ಅಂತ ಬರೆಯುತ್ತಿದ್ದೆ. ಮೂರು ಸಲ ಹಾಗೇ ಆದರೆ 'ನಿರಾಕರಿಸಿದರು'. ಮೀಟಿಂಗಿನಲ್ಲಿ ಯಾರಾದರೂ "ಆ ಜನ ಹಂಗೇ, ಎಷ್ಟು ಹೇಳಿದ್ರೂ ಅಷ್ಟೇ" ಅಂದರೆ ನಾನೂ ತಲೆಯಾಡಿಸುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಒಂದಿನ ನಮ್ಮ ಆಶಾ ಕಾರ್ಯಕರ್ತೆ ತಡೆಯಲಾರದೆ ಕೇಳಿಯೇ ಬಿಟ್ಟಳು. "ಅಕ್ಕಾ, ನೀವು ಬರೋ ಹೊತ್ತಿಗೆ ಇಲ್ಲಿ ಮುದುಕ್ರು, ನಾಯಿ ಬಿಟ್ರೆ ಯಾರಿರ್ತಾರೆ?" ಅವಳು ಅದೇ ಹಾಡಿಯ ಹುಡುಗಿ. ಬೆಳಿಗ್ಗೆ ಏಳೂವರೆಗೆ ಶುಂಠಿ ಹೊಲದ ಜೀಪು ಬಂದು ಹೆಂಗಸರನ್ನೆಲ್ಲ ತುಂಬಿಕೊಂಡು ಹೋಗುತ್ತೆ, ವಾಪಸ್ಸು ಬರೋದು ನಾಲ್ಕೂವರೆಗೆ. ಅಂದರೆ ಅವರು ನಿರಾಕರಿಸಿರಲಿಲ್ಲ. ನಾನು ಹೋದ ಹೊತ್ತು ಸರಿ ಇರಲಿಲ್ಲ.

ಗುರುವಾರದ ಲಸಿಕೆಯನ್ನು ಆಚೀಚೆ ಮಾಡೋ ಹಾಗಿರಲಿಲ್ಲ. ಬಸುರಿಯರ ತಪಾಸಣೆಯನ್ನು ಮಾತ್ರ ಬದಲಿಸಬಹುದಿತ್ತು. ನಮ್ಮ ವೈದ್ಯಾಧಿಕಾರಿಗಳನ್ನು ಕೇಳಿದೆ. "ತಿಂಗಳಲ್ಲಿ ನಾಲ್ಕು ದಿನ ಲೇಟಾಗಿ ಬನ್ನಿ, ಲೇಟಾಗಿ ಹೋಗಿ" ಅಂದರು. ಅಷ್ಟೇ. ಇದಕ್ಕೆ ಆದೇಶ, ಅನುದಾನ ಏನೂ ಬೇಕಾಗಲಿಲ್ಲ. ಜೀಪು ಇಳಿಯೋ ಜಾಗದಲ್ಲೇ ತೂಕದ ಯಂತ್ರ, ಬಿಪಿ ಯಂತ್ರ ಇಟ್ಟುಕೊಂಡು ಕೂರತೊಡಗಿದೆ. ಕತ್ತಲಾದರೆ ಆಶಾಳ ಗಂಡ ಟಾರ್ಚು ಹಿಡಿದು ಹಳ್ಳದವರೆಗೆ ಬಿಡುತ್ತಿದ್ದ.

ಜನ ಸಿಕ್ಕರು. ಆದರೆ ಹಿಮೋಗ್ಲೋಬಿನ್ ಏರಲಿಲ್ಲ. ಬಸುರಿಯರಿಗೆ 11 ಇರಬೇಕು, ನನ್ನ ಪಟ್ಟಿಯಲ್ಲಿ ಬರೀ ಎಂಟು, ಎಂಟೂವರೆ. ಕಬ್ಬಿಣಾಂಶದ ಕೆಂಪು ಮಾತ್ರೆ ಎಲ್ಲರಿಗೂ ಕೊಟ್ಟಿದ್ದೆ. ಒಬ್ಬಳ ಮನೆಯಲ್ಲಿ ನೀರು ಕೇಳಿ ಒಳಗೆ ಹೋದಾಗ ನೋಡಿದೆ, ಮಾತ್ರೆಯ ಪಟ್ಟಿಗಳನ್ನು ಸೂರಿನ ಬಿದಿರ ಸಂದಿಯಲ್ಲಿ ಅಚ್ಚುಕಟ್ಟಾಗಿ ಸಿಕ್ಕಿಸಿದ್ದಳು. ಬಯ್ಯಲಿಲ್ಲ, ಕೂತು ಕೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಪ್ಪು ಟೀ ಜೊತೆ ನುಂಗಿದ್ದಾಳೆ, ವಾಂತಿಯಾಗಿದೆ. ಆಮೇಲೆ ಮಲ ಕಪ್ಪಗೆ ಹೋಗಿದೆ, ಹೆದರಿದ್ದಾಳೆ. ಕಪ್ಪಗೆ ಹೋಗೋದು ಸಹಜ ಅಂತ ನಾನು ಹೇಳಿಯೇ ಇರಲಿಲ್ಲ. ಟೀ ಜೊತೆ ಕಬ್ಬಿಣ ಮೈಗೆ ಹತ್ತಲ್ಲ ಅನ್ನೋದನ್ನೂ ಹೇಳಿರಲಿಲ್ಲ. ರಾತ್ರಿ ಊಟವಾದ ಮೇಲೆ ನುಂಗಿ, ನೆಲ್ಲಿಕಾಯಿ ಸಿಕ್ಕರೆ ತಿನ್ನಿ ಅಂತ ಶುರು ಮಾಡಿದೆ. ಕಾಡಂಚಿನವರಿಗೆ ನೆಲ್ಲಿಕಾಯಿ ತಿನ್ನಿ ಅಂತ ನಾನು ಹೇಳಿಕೊಡೋದು ತಮಾಷೆಯೇ, ಆದರೂ ಹೇಳಿದೆ.

ಮೂರ್ನಾಲ್ಕು ತಿಂಗಳಲ್ಲಿ ಸುಮಾರು ಜನರದ್ದು ಏರಿತು. ಒಬ್ಬಳದ್ದು ಮಾತ್ರ 7.4ರಲ್ಲೇ ನಿಂತಿತ್ತು.

ಅವಳಿಗೆ ಎರಡನೇ ಬಸಿರು. ಮೊದಲ ಮಗು ಉಳಿದಿರಲಿಲ್ಲ. ಪ್ರತಿ ಸಲವೂ "ನುಂಗಿವ್ನಿ ನರ್ಸಮ್ಮ" ಅನ್ನುತ್ತಿದ್ದಳು. ನಾನು ನಂಬಲಿಲ್ಲ. ಬಿದಿರ ಸಂದಿ ನೋಡಿದ್ದವಳು ಹೇಗೆ ನಂಬಲಿ? ಒಂದು ಸಲ ಎಲ್ಲರೆದುರು ಗದರಿದೆ. ಅವಳು ಏನೂ ಅನ್ನದೆ ಎದ್ದು ಹೋದಳು. ಹೋಗುವಾಗ ಮೊಣಕಾಲು ಹಿಡಿದುಕೊಂಡು ಕುಂಟುತ್ತಿದ್ದಳು. ಕೂಲಿ ಮಾಡೋರಿಗೆ ಮಂಡಿನೋವು ಇದ್ದದ್ದೇ ಅಂದುಕೊಂಡೆ.

2023ರ ಜುಲೈ 1ಕ್ಕೆ ಕೇಂದ್ರ ಸರ್ಕಾರ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ನಿರ್ಮೂಲನೆಯ ಕಾರ್ಯಕ್ರಮ ಶುರು ಮಾಡಿತು. ನಲವತ್ತು ವರ್ಷದೊಳಗಿನ ಆದಿವಾಸಿಗಳನ್ನೆಲ್ಲ ಪರೀಕ್ಷೆ ಮಾಡಬೇಕು ಅಂತ. ಇದು ಅಪ್ಪ ಅಮ್ಮನಿಂದ ಬರೋ ಕಾಯಿಲೆ, ರಕ್ತದ ಕೆಂಪು ಕಣ ಕುಡಗೋಲಿನ ಹಾಗೆ ಬಾಗುತ್ತೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ನೀಲಗಿರಿ ನಮಗೇನು ದೂರವೇ? ಕಾಡು ದಾಟಿದರೆ ಬಂತು. ಆದರೂ ಇಷ್ಟು ವರ್ಷ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಪರೀಕ್ಷೆ ತುಂಬಾ ಸರಳ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕೊಳವೆಯಲ್ಲಿರೋ ದ್ರಾವಣಕ್ಕೆ ಹಾಕಬೇಕು. ಐದಾರು ನಿಮಿಷ ಬಿಟ್ಟು, ಗೆರೆ ಎಳೆದ ಕಾಗದದ ಮುಂದೆ ಕೊಳವೆ ಹಿಡಿಯಬೇಕು. ಗೆರೆ ಕಂಡರೆ ಸರಿ. ಕಾಣದೆ ಮಬ್ಬಾದರೆ ಸಿಕಲ್ ಇದೆ ಅಂತ ಅನುಮಾನ. ಅವಳ ಕೊಳವೆ ಹಿಡಿದಾಗ ಗೆರೆ ಕಾಣಲಿಲ್ಲ. ಕೈ ಅಲುಗಿರಬೇಕು ಅಂತ ಇನ್ನೊಂದು ಸಲ ಹಿಡಿದೆ. ಆಗಲೂ ಕಾಣಲಿಲ್ಲ.

ಈ ಪರೀಕ್ಷೆಯಲ್ಲಿ ಕಾಯಿಲೆಯೋ, ಬರೀ ವಾಹಕರೋ (ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರೋ) ಅಂತ ಗೊತ್ತಾಗಲ್ಲ. ಅದಕ್ಕೆ ರಕ್ತ ದೊಡ್ಡ ಲ್ಯಾಬಿಗೆ ಹೋಗಬೇಕು. ವರದಿ ಬಂತು, ಕಾಯಿಲೆಯೇ. ಅವಳು ಮಾತ್ರೆ ನುಂಗಿದ್ದು ನಿಜ. ಕಬ್ಬಿಣದಿಂದ ಸರಿಹೋಗೋ ರಕ್ತಹೀನತೆ ಅದಲ್ಲ. ಆ ಮಂಡಿನೋವೂ ಅದರದ್ದೇ.

ನಾನು ಮನೆಗೇ ಹೋದೆ. "ನೀನು ಹೇಳಿದ್ದು ಸರಿ ಕಣವ್ವ, ನಾನೇ ತಪ್ಪು ತಿಳ್ಕೊಂಡಿದ್ದೆ" ಅಂದೆ. ಅವಳು ಸುಮ್ನೆ ನಕ್ಕಳು. ಅವಳ ಅತ್ತೆ ನಗಲಿಲ್ಲ. "ನಮ್ ರಕ್ತನೇ ಕೆಟ್ಟದ್ದು ಅಂತೀರಾ?" ಅಂತ ಕೇಳಿದರು. ಈ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಆಶಾ ಒಂದು ಹಿಡಿ ಅವರೆಕಾಳು, ಒಂದು ಹಿಡಿ ಹುರುಳಿಕಾಳು ತರಿಸಿದಳು. ಅಪ್ಪನಿಂದ ಒಂದು ಕಾಳು, ಅಮ್ಮನಿಂದ ಒಂದು ಕಾಳು, ಎರಡೂ ಹುರುಳಿಯೇ ಬಂದರೆ ಮಾತ್ರ ಕಾಯಿಲೆ ಅಂತ ನೆಲದ ಮೇಲೆ ಜೋಡಿಸಿ ತೋರಿಸಿದಳು. ಗಂಡನ ಪರೀಕ್ಷೆ ಮಾಡಿಸಿದೆವು, ಅವನದ್ದು ಎರಡೂ ಅವರೆ. ಹಾಗಾದರೆ ಮಗುವಿಗೆ ಕಾಯಿಲೆ ಬರಲ್ಲ, ವಾಹಕ ಆಗುತ್ತೆ ಅಷ್ಟೆ. ಅತ್ತೆ ತಾವೇ ಕಾಳುಗಳನ್ನು ಇನ್ನೊಂದು ಸಲ ಜೋಡಿಸಿ ನೋಡಿದರು.

ಹೆರಿಗೆಗೆ ಮೈಸೂರಿಗೇ ಹೋಗಬೇಕಿತ್ತು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜು ಇಲ್ಲ, ನಿಜ. ಆದರೆ ಬಸ್ ಸ್ಟಾಪು ಹಾಡಿಯಿಂದ ಮೂರು ಕಿಲೋಮೀಟರ್. ಜೊತೆಗೆ ಹೋಗೋ ಗಂಡನ ಚಾರ್ಜು, ಇಬ್ಬರ ಕೂಲಿ ಕೈಬಿಡೋದು ಬೇರೆ. ಎಲ್ಲಕ್ಕಿಂತ ಜಾಸ್ತಿ ಕಷ್ಟ ದೊಡ್ಡ ಆಸ್ಪತ್ರೆಯ ಕೌಂಟರು. ಯಾವ ಸಾಲು, ಯಾವ ರೂಮು ಅಂತ ತಿಳಿಯದೆ ವಾಪಸ್ಸು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ. ಅದಕ್ಕೇ ತಾಯಿ ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ 'ಸಿಕಲ್ ಸೆಲ್ ಕಾಯಿಲೆ' ಅಂತ ದಪ್ಪಗೆ ಬರೆದೆ, ನನ್ನ ನಂಬರ್ ಹಾಕಿದೆ, ಆಶಾಳನ್ನು ಜೊತೆಗೆ ಕಳಿಸಿದೆ. ಹೆಣ್ಣು ಮಗುವಾಯಿತು, ಎರಡು ಕೆಜಿ ಮುನ್ನೂರು ಗ್ರಾಂ.

ಈಗ ಅದೇ ಹಾಡಿಯಲ್ಲಿ ಇನ್ನೂ ಇಬ್ಬರ ಕೊಳವೆಯಲ್ಲಿ ಗೆರೆ ಕಂಡಿಲ್ಲ. ಲ್ಯಾಬಿನ ವರದಿ ಬರುವಷ್ಟರಲ್ಲಿ ಅವರು ಕಾಫಿ ಕುಯ್ಲಿಗೆ ಅಂತ ಕೊಡಗಿಗೆ ಹೋಗಿಬಿಟ್ಟರು. ತೋಟದ ಲೈನ್ ಮನೆ ಯಾವುದು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಭಾನುವಾರ ಸಂತೆಗೆ ಬರ್ತಾರೆ ಅಂತ ಆಶಾ ಹೇಳಿದ್ದಾಳೆ. ಅವಳ ತಮ್ಮನೂ ಅದೇ ಕಡೆ ಕೆಲಸಕ್ಕೆ ಹೋಗಿದ್ದಾನೆ. ವರದಿ ನನ್ನ ಬ್ಯಾಗಿನಲ್ಲೇ ಇದೆ.