ಕಾರ್ಡ್ ಬೇಡ, ಯುಪಿಐ ಬೇಡ: ನಾನು ಖಾತೆ ಆರಿಸಿದ ಬಗೆ

ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯೋಕೆ ಹೋದರೆ ಅವರು ಮೊದಲು ಹೇಳೋದು ಅದರಿಂದ ಏನೇನು ಮಾಡಬಹುದು ಅಂತ. ಕಾರ್ಡ್ ಬರುತ್ತದೆ, ಮೊಬೈಲ್ ಬ್ಯಾಂಕಿಂಗ್ ಇದೆ, ಯುಪಿಐ ಇವತ್ತೇ ಶುರು ಮಾಡಿಕೊಳ್ಳಿ. ನಾನು ಕೇಳಿದ್ದು ಬೇರೆ. ಈ ಖಾತೆಯಿಂದ ಏನೇನು ಮಾಡೋಕೆ ಆಗಲ್ಲ ಹೇಳಿ ಅಂದೆ. ಆನ್‌ಲೈನ್ ಖರೀದಿ ಹಿಡಿತಕ್ಕೆ ಬರಬೇಕು ಅನ್ನುವವರು ಕೇಳಬೇಕಾದದ್ದು ಇದನ್ನೇ ಅಂತ ನನ್ನ ನಂಬಿಕೆ.

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಮನೆಯವರು ತೋರಣಗಲ್ಲಿನ ಕಡೆ ಕೆಲಸಕ್ಕೆ ಹೋಗುತ್ತಾರೆ. ಎರಡು ಸಂಬಳ, ಎರಡು ಫೋನು, ದಿನ ಬಿಟ್ಟು ದಿನ ಬಾಗಿಲಿಗೆ ಒಂದು ಪಾರ್ಸೆಲ್. ಊರಿನ ಲೆಕ್ಕ ಬರೆಯುವವಳು ಮನೆಯ ಲೆಕ್ಕವನ್ನೂ ಅದೇ ರೀತಿ ನೋಡೋಣ ಅಂತ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು, ಆನ್‌ಲೈನ್ ಖರೀದಿಯ ಸಾಲುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ದೊಡ್ಡ ಮೊತ್ತ ಕಡಿಮೆ. 299, 449, 349, ಇಂಥವೇ ಜಾಸ್ತಿ. ಅದೂ ಸಂಬಳ ಬಿದ್ದ ಮೊದಲ ಹತ್ತು ದಿನದೊಳಗೆ. ಫೋನಿನ ಎಸ್‌ಎಂಎಸ್ ತೆಗೆದು ಹೊತ್ತು ನೋಡಿದರೆ ರಾತ್ರಿ ಹತ್ತರ ಮೇಲೆ. ಊಟ ಆಗಿದೆ, ಮಕ್ಕಳು ಮಲಗಿದ್ದಾರೆ, ಕೈಯಲ್ಲಿ ಫೋನಿದೆ, ಖಾತೆಯಲ್ಲಿ ಇಡೀ ತಿಂಗಳ ದುಡ್ಡು ಕೂತಿದೆ. ಪಿನ್ ಒತ್ತಿದರೆ ಮುಗೀತು.

ಶಾಪಿಂಗ್ ಆ್ಯಪ್ ತೆಗೆದುಹಾಕಿದರೆ ಮತ್ತೆ ಹಾಕಿಕೊಳ್ಳೋಕೆ ಒಂದು ನಿಮಿಷ ಸಾಕು. ಹಾಗಾಗಿ ಆ್ಯಪ್ ಸುದ್ದಿ ಬಿಟ್ಟು ದುಡ್ಡು ಇರುವ ಜಾಗವನ್ನೇ ಬದಲಾಯಿಸೋಣ ಅಂದುಕೊಂಡೆ.

ದಾರಿ ತೋರಿಸಿದ್ದು ನಮ್ಮ ಘಟಕದ ಹೆಣ್ಣುಮಕ್ಕಳು. ಅವರಲ್ಲಿ ಸುಮಾರು ಜನ ಸ್ತ್ರೀಶಕ್ತಿ ಸಂಘದವರು. ಸಂಘದ ಖಾತೆಯಿಂದ ದುಡ್ಡು ತೆಗೆಯಬೇಕು ಅಂದರೆ ಇಬ್ಬರ ಸಹಿ ಬೇಕು, ಬ್ಯಾಂಕಿಗೇ ಹೋಗಬೇಕು. ಕಷ್ಟದ ಸಂಸಾರಗಳಲ್ಲೂ ಆ ದುಡ್ಡು ಅಲ್ಲಾಡದೆ ಉಳಿಯೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ವ್ಯವಸ್ಥೆ ನಮ್ಮ ಮನೆಗೆ ಯಾಕೆ ಬೇಡ?

ಮೊದಲು ಸಂಬಳದ ಖಾತೆಗೆ ಕೈ ಹಾಕಿದೆ. ಯುಪಿಐ ಆ್ಯಪ್‌ನಿಂದ ಅದನ್ನು ತೆಗೆದೆ. ಆದರೆ ಬರೀ ತೆಗೆದರೆ ಸಾಲದು, ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಯುಪಿಐ ಆ್ಯಪ್ ಖಾತೆಯನ್ನು ಹುಡುಕೋದು ನಿಮ್ಮ ಮೊಬೈಲ್ ನಂಬರಿನಿಂದ. ಬ್ಯಾಂಕಿನಲ್ಲಿ ಅದೇ ನಂಬರ್ ಇರುವವರೆಗೆ ಖಾತೆ ಮತ್ತೆ ಪಟ್ಟಿಯಲ್ಲಿ ಬಂದು ಕೂರುತ್ತದೆ. ಡೆಬಿಟ್ ಕಾರ್ಡಿನ ಕೊನೆಯ ಅಂಕಿಗಳೋ ಆಧಾರ್ ಓಟಿಪಿಯೋ ಹಾಕಿದರೆ ಎರಡು ನಿಮಿಷದಲ್ಲಿ ಮತ್ತೆ ಜೋಡಣೆ. ಅದಕ್ಕೇ ನಾನು ಆ ಖಾತೆಯ ಮೊಬೈಲ್ ನಂಬರನ್ನೇ ಬದಲಾಯಿಸಿದೆ. ಹೊಸ ನಂಬರಿನ ಸಿಮ್ ಇರೋದು ಒಂದು ಕೀಪ್ಯಾಡ್ ಫೋನಿನಲ್ಲಿ. ಅದು ದೇವರ ಮನೆಯ ಗೂಡಿನಲ್ಲಿ, ನಮ್ಮತ್ತೆಯ ಸುಪರ್ದಿಯಲ್ಲಿ ಇರುತ್ತದೆ. ಬ್ಯಾಂಕಿನ ಎಸ್‌ಎಂಎಸ್ ಬಂದರೆ ಅದಕ್ಕೇ ಬರುತ್ತದೆ. ಒಂದು ಎಚ್ಚರಿಕೆ: ಆ ಸಿಮ್ಮಿಗೆ ರೀಚಾರ್ಜ್ ತಪ್ಪಿಸಬೇಡಿ. ತೊಂಬತ್ತು ದಿನ ಬಳಸದೆ ಬಿಟ್ಟರೆ ಕಂಪನಿಯವರು ನಂಬರ್ ಕಿತ್ತುಕೊಂಡು ಮುಂದೆ ಬೇರೆಯವರಿಗೆ ಕೊಡಬಹುದು. ಬ್ಯಾಂಕ್ ನಂಬರ್ ಇನ್ನೊಬ್ಬರ ಕೈಗೆ ಹೋದರೆ ಏನಾಗಬಹುದು, ನೀವೇ ಯೋಚಿಸಿ.

ನೆಟ್ ಬ್ಯಾಂಕಿಂಗ್‌ನಲ್ಲಿ ಬರೀ ನೋಡುವ ಹಕ್ಕು ಅಂತ ಇರುತ್ತದೆ, ವ್ಯೂ ರೈಟ್ಸ್ ಅನ್ನುತ್ತಾರೆ. ಎಲ್ಲ ಬ್ಯಾಂಕುಗಳಲ್ಲಿ ಕೊಡಲ್ಲ, ನಮ್ಮ ಶಾಖೆಯಲ್ಲಿ ಕೊಟ್ಟರು. ಬಾಕಿ ನೋಡಬಹುದು, ಸ್ಟೇಟ್‌ಮೆಂಟ್ ತೆಗೆಯಬಹುದು, ಯಾರಿಗೂ ಕಳಿಸೋಕೆ ಆಗಲ್ಲ. ನನಗೆ ಬೇಕಾಗಿದ್ದು ಅದೇ.

ಕಾರ್ಡ್ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ನಮ್ಮ ಪರವಾಗಿ ಒಳ್ಳೆಯ ಕೆಲಸ ಮಾಡಿದೆ. 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮಷೀನಿನಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್ ಬೇಕು ಅಂದರೆ ನಾವೇ ಆನ್ ಮಾಡಬೇಕು. ಬೇಡ ಅಂದರೆ ಯಾವಾಗ ಬೇಕಾದರೂ ಆಫ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋದರೆ ಎಟಿಎಂ, ಅಂಗಡಿ, ಆನ್‌ಲೈನ್, ವಿದೇಶ, ಪ್ರತಿಯೊಂದಕ್ಕೂ ಒಂದೊಂದು ಸ್ವಿಚ್ ಕಾಣುತ್ತದೆ. ನಾನು ಎಟಿಎಂ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿಸಿದೆ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ನಗದು ಬೇಕಲ್ವಾ? ಅದಕ್ಕೆ ಆ ಕಾರ್ಡ್ ಬೀರುವಿನಲ್ಲಿದೆ. ಶಾಪಿಂಗ್ ತಾಣಗಳಲ್ಲಿ ಉಳಿಸಿಟ್ಟ ಕಾರ್ಡುಗಳನ್ನೂ ಅಳಿಸಿದೆ. 2022ರ ಅಕ್ಟೋಬರ್‌ನಿಂದ ಅಂಗಡಿಯವರು ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ, ಬದಲಿಗೆ ಟೋಕನ್, ಅಂದರೆ ಕಾರ್ಡ್ ನಂಬರಿನ ಜಾಗದಲ್ಲಿ ನಡೆಯುವ ಒಂದು ಕೋಡ್ ಇರುತ್ತದೆ. ಟೋಕನ್ ಇದ್ದರೂ ಕೊಳ್ಳೋದು ಅಷ್ಟೇ ಸಲೀಸು, ಹಾಗಾಗಿ ಅದೂ ಹೋಗಬೇಕು.

ಮನೆ ಬಾಡಿಗೆ, ಎಲ್‌ಐಸಿ ಕಂತು, ಗಾಡಿಯ ಇಎಂಐ ಈ ಖಾತೆಯಿಂದಲೇ ಕಟ್ಟಾಗುತ್ತವೆ. ಇವನ್ನು ಕಡಿಮೆ ದುಡ್ಡಿರುವ ಖಾತೆಗೆ ಹಾಕಲೇಬೇಡಿ. ಕಂತು ಬೌನ್ಸ್ ಆದರೆ ದಂಡ ಬೀಳುತ್ತದೆ, ಸಾಲದ ದಾಖಲೆಗೂ ಪೆಟ್ಟು.

ಎರಡನೆಯದು ಖರ್ಚಿನ ಖಾತೆ. ಇದು ಬೇರೆ ಬ್ಯಾಂಕಿನದು, ನನ್ನ ಸ್ಮಾರ್ಟ್‌ಫೋನ್ ನಂಬರಿನದು. ಯುಪಿಐ ಇರೋದು ಇದೊಂದಕ್ಕೇ. ಪ್ರತಿ ಸೋಮವಾರ ಸಂಬಳದ ಖಾತೆಯಿಂದ 3,000 ರೂಪಾಯಿ ತಾನಾಗಿ ಬಂದು ಬೀಳುತ್ತದೆ. ಇದಕ್ಕೆ ಶಾಖೆಯಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟಿದ್ದೇನೆ. ಬೇರೆ ಬ್ಯಾಂಕಿಗೆ ಕಳಿಸೋಕೆ ಕೆಲವರು ಶುಲ್ಕ ಹಿಡಿಯುತ್ತಾರೆ, ಮೊದಲೇ ಕೇಳಿಕೊಳ್ಳಿ. ವಾರದ ಲೆಕ್ಕ ಯಾಕೆ ಅಂದರೆ ನಮ್ಮ ಘಟಕದಲ್ಲಿ ಬಟವಾಡೆ ಆಗೋದೂ ವಾರಕ್ಕೊಮ್ಮೆ. ವಾರದ ದುಡ್ಡಿನಲ್ಲಿ ಸಂಸಾರ ತೂಗಿಸುವವರಿಗೆ ಗುರುವಾರದ ಹೊತ್ತಿಗೆ ಎಷ್ಟು ಉಳಿದಿದೆ ಅಂತ ಬಾಯಲ್ಲೇ ಇರುತ್ತದೆ. ತಿಂಗಳ ಸಂಬಳದವರಿಗೆ ಆ ಲೆಕ್ಕ ಇರೋದಿಲ್ಲ. ಈಗ ನನಗೂ ಇದೆ. ತರಕಾರಿ, ಹಾಲು, ಆಟೋ, ಮಕ್ಕಳ ತಿಂಡಿ ಎಲ್ಲ ಇದರಲ್ಲೇ. ರಾತ್ರಿ 449ರ ಕುರ್ತಾ ಕಂಡರೆ ಅದೂ ಇದರಲ್ಲೇ. ಅದನ್ನು ಕೊಂಡರೆ ಶನಿವಾರದ ತರಕಾರಿಗೆ ಏನು ಉಳಿಯುತ್ತದೆ ಅಂತ ಕಣ್ಣ ಮುಂದೆಯೇ ಕಾಣುತ್ತದೆ. ಕೆಲವು ಸಲ ಕೊಂಡಿದ್ದೇನೆ, ಇಷ್ಟಪಟ್ಟೇ ಕೊಂಡಿದ್ದೇನೆ.

ಈ ಖಾತೆ ಆರಿಸುವಾಗ ನೋಡಿದ್ದು ಮಿನಿಮಮ್ ಬ್ಯಾಲೆನ್ಸ್. ವಾರದ ಕೊನೆಗೆ ಸೊನ್ನೆಗೆ ಇಳಿಯುವ ಖಾತೆ ಇದು, ದಂಡ ಹಾಕುವ ಬ್ಯಾಂಕ್ ಆಗಿಬರಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಗೆ ಈ ಷರತ್ತು ತೆಗೆದಿದೆ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ತೆಗೆದಿದೆ. ಸಾವಿರಾರು ರೂಪಾಯಿ ಇಟ್ಟಿರಬೇಕು ಅನ್ನುವ ಖಾಸಗಿ ಬ್ಯಾಂಕಿನ ಖಾತೆ ಈ ಕೆಲಸಕ್ಕೆ ಬೇಡ.

ಯುಪಿಐ ಲೈಟ್ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ. ಅದರಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಒಟ್ಟು 5,000 ಇಡಬಹುದು. ಬೇರೆಯವರಿಗೆ ಅನುಕೂಲ ಇರಬಹುದು. ಯೋಚಿಸೋಕೆ ನಾಲ್ಕು ಸೆಕೆಂಡ್ ಸಿಗಲಿ ಅಂತ ಇಷ್ಟೆಲ್ಲ ಮಾಡುವವರು ಪಿನ್ನನ್ನೇ ತೆಗೆದುಬಿಟ್ಟರೆ ಹೇಗೆ? ನಾನು ಅದನ್ನು ಬಳಸಲ್ಲ. ಬೈ ನೌ ಪೇ ಲೇಟರ್, ಅಂದರೆ ಈಗ ಕೊಂಡು ಆಮೇಲೆ ಕಟ್ಟುವ ಥರದ್ದೂ ನಮ್ಮ ಮನೆಯಲ್ಲಿ ಇಲ್ಲ. ಇಲ್ಲದ ದುಡ್ಡನ್ನು ಖರ್ಚು ಮಾಡಿಸುವ ಸೌಲಭ್ಯಕ್ಕೆ ಈ ಖಾತೆಗಳ ಕಟ್ಟುಪಾಡು ಯಾವುದೂ ತಟ್ಟೋದಿಲ್ಲ. ಓಟಿಟಿ ಚಂದಾಗಳನ್ನು ಮಾತ್ರ ಬೇಕಂತಲೇ ಈ ಸಣ್ಣ ಖಾತೆಗೆ ಹಾಕಿದ್ದೇನೆ. ದುಡ್ಡು ಕಟ್ಟಾಗುವ 24 ಗಂಟೆ ಮುಂಚೆ ಸಂದೇಶ ಬರಲೇಬೇಕು ಅನ್ನೋದು ನಿಯಮ. ಆ ಸಂದೇಶ ನೋಡಿದಾಗ, ಇದನ್ನು ಯಾರಾದರೂ ನೋಡುತ್ತಿದ್ದಾರಾ ಅಂತ ಮನೆಯಲ್ಲಿ ಕೇಳುತ್ತೇನೆ. ಉತ್ತರ ಬರದಿದ್ದರೆ ರದ್ದು.

ಮೂರನೆಯದು ಉಳಿತಾಯದ್ದು. ಅದಕ್ಕೆ ನನ್ನ ತವರು ಸಿರುಗುಪ್ಪದ ಕಡೆಯ ಗ್ರಾಮೀಣ ಬ್ಯಾಂಕ್ ಶಾಖೆಗೆ ಹೋದೆವು. ನಾನೂ ನಮ್ಮ ಮನೆಯವರೂ ಸೇರಿ ಜಂಟಿ ಖಾತೆ, ಇಬ್ಬರ ಸಹಿಯೂ ಬೇಕು ಅನ್ನುವ ಷರತ್ತಿನದು. ಕೌಂಟರಿನ ಹುಡುಗನಿಗೆ ಆಶ್ಚರ್ಯ.

"ಯಾಕ್ರೀ ಅಕ್ಕಾರ, ಎಲ್ಲಾರೂ ಐದರ್ ಆರ್ ಸರ್ವೈವರ್, ಅಂದ್ರ ಒಬ್ಬರ ಸಹಿ ಸಾಕು ಅನ್ನೋದು, ಮಾಡಸ್ತಾರ. ಜಾಯಿಂಟ್ಲಿ ಮಾಡಿದ್ರ ಎಟಿಎಂ ಕಾರ್ಡ್ ಬರಂಗಿಲ್ಲ ನೋಡ್ರಿ. ಫೋನ್‌ಪೇನೂ ಆಗಂಗಿಲ್ಲ."

"ಅದಕ್ಕಽ ಬೇಕಪ್ಪಾ," ಅಂದೆ.

ಅವನು ಫಾರಂನಲ್ಲಿ ಟಿಕ್ ಹಾಕುವ ಮುಂಚೆ ನಮ್ಮ ಮನೆಯವರ ಮುಖ ಒಂದು ಸಲ ನೋಡಿದ. ಅವರೂ ಹೂಂ ಅಂದ ಮೇಲೆ ಹಾಕಿದ.

ಆ ಖಾತೆಯ ದುಡ್ಡು ತೆಗೆಯಬೇಕು ಅಂದರೆ ಇಬ್ಬರೂ ಸಹಿ ಮಾಡಬೇಕು. ವಿತ್‌ಡ್ರಾಯಲ್ ಸ್ಲಿಪ್ ಬರೆದು ಪಾಸ್‌ಬುಕ್ ತೋರಿಸೋಕೆ ಬಳ್ಳಾರಿಯಿಂದ ಬಸ್ಸು ಹತ್ತಬೇಕು. ಆನ್‌ಲೈನ್ ಸೇಲ್ ಶುರುವಾಗೋದು ನಡುರಾತ್ರಿ, ಶಾಖೆ ತೆರೆಯೋದು ಬೆಳಗ್ಗೆ. ಎರಡನೇ, ನಾಲ್ಕನೇ ಶನಿವಾರ ಅದೂ ಇಲ್ಲ. ಅಷ್ಟು ಹೊತ್ತಿಗೆ ಆಸೆ ಇಳಿದಿರುತ್ತದೆ. ಇಳಿಯದೆ ಉಳಿದದ್ದು ನಿಜವಾಗಿ ಬೇಕಾದ ವಸ್ತು. ಹೋದ ಬೇಸಿಗೆಯಲ್ಲಿ ಏರ್‌ಕೂಲರ್ ಹಾಗೆ ಬಂತು. ಬಳ್ಳಾರಿಯ ಬಿಸಿಲು ಗೊತ್ತಿದ್ದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ.

ಈ ಥರದ ಖಾತೆಗೆ ಒಂದು ತೊಡಕು ಇದೆ, ಮುಚ್ಚಿಡಬಾರದು. ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಉಳಿದವರು ಒಬ್ಬರೇ ಸಹಿ ಮಾಡಿ ದುಡ್ಡು ತೆಗೆಯೋಕೆ ಆಗಲ್ಲ. ವಾರಸುದಾರರ ಕಾಗದಪತ್ರ ಬೇಕಾಗುತ್ತದೆ. ಹಾಗಾಗಿ ಇರೋ ಉಳಿತಾಯವನ್ನೆಲ್ಲ ಅಲ್ಲೇ ಸುರಿಯಬಾರದು. ಇನ್ನೊಂದು, ಎರಡು ವರ್ಷ ನಾವು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. ಬಡ್ಡಿ ಜಮಾ ಆದದ್ದು ವ್ಯವಹಾರ ಅನ್ನಿಸಿಕೊಳ್ಳಲ್ಲ. ಊರ ಜಾತ್ರೆಗೆ ಹೋದಾಗ ನೂರು ರೂಪಾಯಿಯಾದರೂ ಕಟ್ಟಿ ಬನ್ನಿ.

ಆಟೋ ಸ್ವೀಪ್, ಅಂದರೆ ಮಿಕ್ಕ ದುಡ್ಡು ತಾನಾಗಿ ಎಫ್‌ಡಿಗೆ ಹೋಗುವ ಸೌಲಭ್ಯ ಇರುವ ಖಾತೆ ಮಾಡಿಸಿ, ಎಫ್‌ಡಿ ಬಡ್ಡಿ ಸಿಗುತ್ತದೆ ಅಂತ ಒಬ್ಬರು ಹೇಳಿದ್ದರು. ಬಡ್ಡಿ ಸಿಗೋದು ನಿಜ. ಆದರೆ ಖಾತೆಯಲ್ಲಿ ದುಡ್ಡು ಕಡಿಮೆಯಾದ ಕೂಡಲೇ ಎಫ್‌ಡಿ ತಾನಾಗಿ ಮುರಿದು ಬಂದು ನಿಲ್ಲುತ್ತದೆ. ಬಡ್ಡಿಗಿಂತ ನನಗೆ ಬೀಗ ಮುಖ್ಯ. ಅದರ ಬದಲು ಹಬ್ಬದ ಖರ್ಚಿಗೆ ಹನ್ನೆರಡು ತಿಂಗಳ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಇಟ್ಟಿದ್ದೇವೆ, ದೀಪಾವಳಿಗೆ ಮುಂಚೆ ಮುಗಿಯುವ ಹಾಗೆ. ಬಟ್ಟೆ, ಪಾತ್ರೆ, ಮಕ್ಕಳ ಬೇಡಿಕೆ ಎಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇವೆ. ಆರ್‌ಡಿ ಮುಗಿದಾಗ ಪಟ್ಟಿ ಓದಿದರೆ ಅರ್ಧಕ್ಕರ್ಧ ನಾವೇ ಹೊಡೆದುಹಾಕುತ್ತೇವೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಕಟ್ಟಬಹುದು, ಮೂರು ವರ್ಷ ಆಗುವ ತನಕ ಮುರಿಯೋಕೆ ಬಿಡಲ್ಲ. ಮಗಳ ಕಾಲೇಜಿಗೆ ಅದು ಸರಿ, ಹಬ್ಬಕ್ಕೆ ಅಲ್ಲ.

ಬ್ಯಾಂಕಿನಿಂದ ಮುಚ್ಚೋಕೆ ಆಗದ ಒಂದು ಕಂಡಿ ಉಳಿದಿದೆ, ಕ್ಯಾಶ್ ಆನ್ ಡೆಲಿವರಿ. ಡೆಲಿವರಿ ಹುಡುಗ ಬಂದಾಗ ನಮ್ಮತ್ತೆ ಸೆರಗಿನ ಗಂಟು ಬಿಚ್ಚಿ ಕೊಟ್ಟುಬಿಡುತ್ತಿದ್ದರು. ಈಗ ಅವರ ಜೊತೆ ಮಾತಾಡಿಕೊಂಡಿದ್ದೇವೆ.

ಘಟಕದಲ್ಲಿ ಬಟವಾಡೆ ಫೋನಿಗೇ ಹಾಕೋಕೆ ಶುರು ಮಾಡಿದ ಮೇಲೆ ಅಲ್ಲೂ ಇದೇ ಮಾತು ಬಂತು. ಒಬ್ಬ ಅಕ್ಕನಿಗೆ ವಾರದ ಕೂಲಿಯೂ ಗೃಹಲಕ್ಷ್ಮಿಯ 2,000 ರೂಪಾಯಿಯೂ ಒಂದೇ ಖಾತೆಗೆ ಬೀಳುತ್ತಿದ್ದವು. ಅದರ ಯುಪಿಐ ಇದ್ದದ್ದು ಮಗನ ಫೋನಿನಲ್ಲಿ. ಸರ್ಕಾರದ ದುಡ್ಡು ಬರೋದು ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ. ಹಾಗಾಗಿ ಕಾರ್ಡ್ ಇಲ್ಲದ ಅವರ ಹಳೆಯ ಖಾತೆಗೆ ಪಾಸ್‌ಬುಕ್ ಹಿಡಿದು ಹೋಗಿ ಆಧಾರ್ ಸೀಡಿಂಗ್ (ಜೋಡಣೆ) ಫಾರಂ ಕೊಟ್ಟು ಬಂದೆವು. ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ, ಅದನ್ನು ನೋಡಿ ಖಾತ್ರಿ ಮಾಡಿಕೊಂಡೆವು. ಈಗ ಕೂಲಿ ಒಂದು ಕಡೆ, ಗೃಹಲಕ್ಷ್ಮಿ ಇನ್ನೊಂದು ಕಡೆ. ಇನ್ನಿಬ್ಬರು ತಾವೂ ಮಾಡಿಸುತ್ತೇವೆ ಅಂದಿದ್ದಾರೆ. ಆಧಾರ್ ಮತ್ತು ಪಾಸ್‌ಬುಕ್ಕಿನ ಝೆರಾಕ್ಸ್ ತಗೊಂಡು ಬರೋಕೆ ಹೇಳಿದ್ದೇನೆ.